ಎರಡೆರಡು ಸಲ ಅರ್ಧಕ್ಕೆ ನಿಂತ ‘ಯುಟೋಪಿಯಾ’

ಬ್ರಿಟನ್ನಿನ ಚಾನೆಲ್ 4 ವಾಹಿನಿ ತನ್ನ ‘ಯುಟೋಪಿಯಾ’ ಸರಣಿಯನ್ನು 2014ರ ಅಕ್ಟೋಬರ್‌ನಲ್ಲಿ ಕೈಬಿಟ್ಟಿತು. ಮರುತಿಂಗಳೇ ಅದಕ್ಕೆ ಅತ್ಯುತ್ತಮ ಡ್ರಾಮಾ ಸರಣಿ ಅಂತ ಇಂಟರ್‌ನ್ಯಾಷನಲ್ ಎಮ್ಮಿ ಪ್ರಶಸ್ತಿ ಬಂತು. ಪ್ರಶಸ್ತಿ ಇದೆ, ಸರಣಿಯೇ ಇಲ್ಲ. ಆರು ವರ್ಷ ಕಳೆದ ಮೇಲೆ ಅಮೆಜಾನ್ ಅದೇ ಕಥೆಯನ್ನು ಅದೇ ಹೆಸರಿನಲ್ಲಿ ಅಮೆರಿಕದಲ್ಲಿ ಮತ್ತೆ ತೆಗೆಯಿತು. 2020ರ ಸೆಪ್ಟೆಂಬರ್ 25ಕ್ಕೆ ಬಂದ ಈ ರಿಮೇಕ್ ನವೆಂಬರ್ ಮುಗಿಯುವುದರೊಳಗೆ ರದ್ದಾಯಿತು.

ಹಾಗಾಗಿ ಒಂದೇ ಕಥೆ ಎರಡು ದೇಶದಲ್ಲಿ, ಎರಡು ಸಲ, ಅರ್ಧಕ್ಕೆ ನಿಂತಿದೆ. ಮೊದಲ ಸಲ ನಿಂತಾಗ ನೋಡಿದವರು ಬೇಜಾರು ಮಾಡಿಕೊಂಡರು. ಎರಡನೇ ಸಲ ನಿಂತಾಗ ಅವರಲ್ಲಿ ಹೆಚ್ಚಿನವರಿಗೆ ಏನೂ ಅನ್ನಿಸಲಿಲ್ಲ. ನನಗೆ ಕುತೂಹಲ ಇರುವುದು ಇಲ್ಲೇ. ಕಥೆ ಅದೇ, ಪಾತ್ರಗಳ ಹೆಸರು ಹೆಚ್ಚುಕಡಿಮೆ ಅವೇ, ಹಿಂದೆ ನಿಂತದ್ದು ಅಮೆಜಾನ್‌ನಂಥ ದೊಡ್ಡ ಕುಳ, ಬರೆದದ್ದು ಗಿಲಿಯನ್ ಫ್ಲಿನ್‌ರಂಥ ಪಳಗಿದ ಲೇಖಕಿ. ಆದರೂ ಯಾಕೆ ನಿರಾಸೆ? ‘ಅಭಿಮಾನಿಗಳು ಯಾವಾಗಲೂ ಹಾಗೇ, ಹಳೆಯದೇ ಚೆನ್ನ ಅಂತಾರೆ’ ಎಂದು ತಳ್ಳಿಹಾಕುವುದು ಸುಲಭ. ಆ ಉತ್ತರ ನನಗೆ ಒಪ್ಪಿಗೆಯಿಲ್ಲ.

ಮೊದಲು ಕಥೆ ಏನು ಅಂತ ನೋಡೋಣ. ‘ದಿ ಯುಟೋಪಿಯಾ ಎಕ್ಸ್‌ಪೆರಿಮೆಂಟ್ಸ್’ ಎಂಬ ಒಂದು ಗ್ರಾಫಿಕ್ ನಾವೆಲ್. ಅದರ ಅಭಿಮಾನಿಗಳಾದ ನಾಲ್ಕೈದು ಮಂದಿಗೆ ಅದರ ಮುಂದಿನ ಭಾಗದ ಹಸ್ತಪ್ರತಿ ಇದೆ ಎಂಬ ಸುದ್ದಿ ಸಿಗುತ್ತದೆ. ಇವರೆಲ್ಲ ಸಾಮಾನ್ಯ ಜನ. ಬೇಸತ್ತ ಐಟಿ ನೌಕರ ಒಬ್ಬ, ಮನೆಯೊಳಗೇ ಬಂಕರ್ ಕಟ್ಟಿಕೊಂಡು ಎಲ್ಲದರಲ್ಲೂ ಪಿತೂರಿ ಹುಡುಕುವ ವಿಲ್ಸನ್ ವಿಲ್ಸನ್ ಒಬ್ಬ, ಇಂಟರ್ನೆಟ್ಟಿನಲ್ಲಿ ದೊಡ್ಡವನಂತೆ ನಟಿಸುತ್ತಿದ್ದ ಗ್ರಾಂಟ್ ಎಂಬ ಪುಟ್ಟ ಹುಡುಗ ಒಬ್ಬ. ಆ ಹಸ್ತಪ್ರತಿಯ ಬೆನ್ನು ಹತ್ತಿ ‘ನೆಟ್‌ವರ್ಕ್’ ಎಂಬ ಗುಪ್ತ ಗುಂಪಿನ ಕೊಲೆಗಾರರು ಬರುತ್ತಾರೆ. ಅವರು ಕೇಳುವುದು ಒಂದೇ ಪ್ರಶ್ನೆ: ‘ಜೆಸಿಕಾ ಹೈಡ್ ಎಲ್ಲಿ?’ ಜೆಸಿಕಾ ಚಿಕ್ಕಂದಿನಿಂದ ಇವರಿಂದ ತಪ್ಪಿಸಿಕೊಂಡು ಓಡುತ್ತಾ ಬೆಳೆದ ಹೆಣ್ಣು.

ನೆಟ್‌ವರ್ಕ್‌ನ ಯೋಜನೆ ಗೊತ್ತಾಗುವುದು ನಿಧಾನಕ್ಕೆ. ಜನಸಂಖ್ಯೆ ಹೀಗೇ ಏರಿದರೆ ಆಹಾರ, ಎಣ್ಣೆ ಎಲ್ಲ ಮುಗಿದು ಜನ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ ಎಂಬುದು ಅವರ ಲೆಕ್ಕ. ಅದಕ್ಕೇ ಜ್ವರದ ಹೆದರಿಕೆ ಹುಟ್ಟಿಸಿ, ಲಸಿಕೆಯ ನೆಪದಲ್ಲಿ, ಬಹುಪಾಲು ಜನರಿಗೆ ಮಕ್ಕಳಾಗದಂತೆ ಮಾಡುವುದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಒಂದೇ ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ ಕಂಡ ದೇಶದಲ್ಲಿ ಕೂತು ಇದನ್ನು ನೋಡುವಾಗ ‘ಅಯ್ಯೋ, ಇದೆಲ್ಲಾ ಕಟ್ಟುಕಥೆ’ ಅಂತ ಆರಾಮಾಗಿ ಇರಲು ಆಗುವುದಿಲ್ಲ.

ಇಷ್ಟು ಕಥೆ ಎರಡೂ ಆವೃತ್ತಿಯಲ್ಲಿದೆ. ಅಂದಮೇಲೆ ಮೂಲದವರು ಮಾಡಿ, ಇವರು ಮಾಡದೇ ಉಳಿದದ್ದು ಏನು?

ಬಣ್ಣ, ಚೌಕಟ್ಟು, ಸದ್ದು

2013ರ ಜನವರಿಯಲ್ಲಿ ಬಂದ ಮೊದಲ ಕಂತಿನ ಮೊದಲ ದೃಶ್ಯ ಒಂದು ಕಾಮಿಕ್ಸ್ ಅಂಗಡಿ. ಇಬ್ಬರು ಗಂಡಸರು ಒಳಗೆ ಬರುತ್ತಾರೆ. ಕೈಯಲ್ಲಿ ಕಣ್ಣು ಕುಕ್ಕುವ ಹಳದಿ ಚೀಲ. ಒಬ್ಬ ದಪ್ಪಗಿದ್ದಾನೆ, ಏದುಸಿರು ಬಿಡುತ್ತಾನೆ, ಮುಖದಲ್ಲಿ ಭಾವವೇ ಇಲ್ಲ. ಅವನೇ ಆರ್ಬಿ, ನಟ ನೀಲ್ ಮ್ಯಾಸ್ಕೆಲ್. ಒಬ್ಬೊಬ್ಬರನ್ನೇ ಮುಗಿಸುತ್ತಾ ಹೋಗುತ್ತಾರೆ. ಯಾರೂ ಕೂಗಾಡುವುದಿಲ್ಲ. ಕ್ಯಾಮೆರಾ ಓಡುವುದಿಲ್ಲ, ನಡುಗುವುದಿಲ್ಲ. ದೂರದಲ್ಲಿ ನಿಂತು, ಅಂಗಡಿಯನ್ನು ಅಳತೆಪಟ್ಟಿ ಇಟ್ಟ ಹಾಗೆ ನೇರ ಚೌಕಟ್ಟಿನಲ್ಲಿ ತೋರಿಸುತ್ತಾ ಇರುತ್ತದೆ. ನಡೆಯುತ್ತಿರುವುದು ಕೊಲೆ, ತೋರಿಸುತ್ತಿರುವ ರೀತಿ ಮಾತ್ರ ಜಾಹೀರಾತಿನಷ್ಟು ಚೊಕ್ಕ. ಹೊಟ್ಟೆಯಲ್ಲಿ ಸಂಕಟ ಶುರುವಾಗುವುದು ಇವೆರಡರ ನಡುವಿನ ಅಂತರದಿಂದಲೇ.

ಸರಣಿಯ ಮೊದಲ ಕಂತುಗಳನ್ನು ನಿರ್ದೇಶಿಸಿದ ಮಾರ್ಕ್ ಮುಂಡನ್ ಅವನ್ನು ಸಿನಿಮಾಸ್ಕೋಪ್‌ನಂಥ ಅಗಲ ಚೌಕಟ್ಟಿನಲ್ಲಿ ತೆಗೆದರು. ಆಗಿನ ಬ್ರಿಟಿಷ್ ಥ್ರಿಲ್ಲರ್‌ಗಳೆಂದರೆ ಬೂದುಬಣ್ಣ, ಮಳೆ, ಕತ್ತಲು. ಇಲ್ಲಿ ಹಾಗಲ್ಲ. ಹಳೆಯ ಟೆಕ್ನಿಕಲರ್ ಸಿನಿಮಾಗಳ ಗಾಢ ಬಣ್ಣ. ಹೊಲ ಅತಿ ಹಳದಿ, ಆಕಾಶ ಅತಿ ನೀಲಿ, ಹುಲ್ಲು ಅತಿ ಹಸಿರು. ಲೋಕ ಇಷ್ಟು ಚೆಂದ ಕಾಣುವಾಗಲೇ ಅದರಲ್ಲಿ ಏನೋ ಕೆಟ್ಟಿದೆ ಅನ್ನಿಸುತ್ತಾ ಹೋಗುತ್ತದೆ. ಈ ಲೋಕವನ್ನು ಯಾರೋ ಮೊದಲೇ ಸಜ್ಜು ಮಾಡಿಟ್ಟಿದ್ದಾರೆ ಎಂಬ ಅನುಮಾನ ಹುಟ್ಟುತ್ತದೆ. ಪಿತೂರಿಯ ಕಥೆಗೆ ಬೇಕಾದದ್ದೇ ಈ ಅನುಮಾನ. ಡೈಲಾಗ್ ಹೇಳುವ ಮೊದಲೇ ಬಣ್ಣ ಅದನ್ನು ಹೇಳಿಬಿಟ್ಟಿರುತ್ತದೆ.

2014ರ ಎರಡನೇ ಸೀಸನ್ನಿನ ಮೊದಲ ಕಂತಿನಲ್ಲಿ ಇದನ್ನೇ ಇನ್ನೂ ಮುಂದಕ್ಕೆ ಒಯ್ದರು. ಆ ಕಂತು ಪೂರ್ತಿ 1970ರ ದಶಕದಲ್ಲಿ ನಡೆಯುತ್ತದೆ. ನೆಟ್‌ವರ್ಕ್ ಹುಟ್ಟಿದ ಬಗೆ ಅದರ ವಸ್ತು. ಅದಕ್ಕೆ ಅಗಲ ಚೌಕಟ್ಟು ಬಿಟ್ಟು, ಹಳೇ ಟಿವಿಯ ಚೌಕಾಕಾರದ ಪರದೆಯ ಅಳತೆ ಬಳಸಿದರು. 1979ರಲ್ಲಿ ಕಾರ್ ಬಾಂಬಿಗೆ ಬಲಿಯಾದ ಬ್ರಿಟಿಷ್ ಸಂಸದ ಏರಿ ನೀವ್ ಅವರ ಕೊಲೆಯನ್ನೂ ಕಥೆಯೊಳಗೆ ಸೇರಿಸಿದರು. ನಿಜವಾಗಿ ಸತ್ತವರನ್ನು ಹೀಗೆ ಬಳಸಿದ್ದಕ್ಕೆ ಆಕ್ಷೇಪ ಬಂತು. ಬಂದದ್ದು ಸರಿಯೇ ಅನ್ನಿಸುತ್ತದೆ ನನಗೆ. ಆದರೆ ಹೀಗೆ ಧೈರ್ಯ ಮಾಡುವ, ಕೆಲವೊಮ್ಮೆ ಗೆರೆ ದಾಟುವ ಸರಣಿ ಅದು.

ಇನ್ನು ಸದ್ದು. ಸಂಗೀತ ಕೊಟ್ಟವರು ಚಿಲಿಯಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಕ್ರಿಸ್ಟೋಬಲ್ ಟಾಪಿಯಾ ದೆ ವೀರ್. ‘ದಿ ವೈಟ್ ಲೋಟಸ್’ ಸರಣಿಯ ಸಂಗೀತಕ್ಕೆ ಎಮ್ಮಿ ಪಡೆದವರು ಇವರೇ. ‘ಯುಟೋಪಿಯಾ’ದಲ್ಲಿ ಮನುಷ್ಯರ ಉಸಿರು, ತುಂಡರಿಸಿದ ದನಿ, ಎಲ್ಲಿಂದಲೋ ಬಂದು ಬಡಿಯುವ ತಾಳ, ಎಲ್ಲ ಸೇರಿ ನಗಬೇಕೋ ಹೆದರಬೇಕೋ ತಿಳಿಯದ ಹಾಗೆ ಮಾಡುತ್ತವೆ. ಸಾಮಾನ್ಯವಾಗಿ ಥ್ರಿಲ್ಲರ್‌ನ ಹಿನ್ನೆಲೆ ಸಂಗೀತ ‘ಈಗ ಹೆದರಿಕೋ’ ಅಂತ ಕೈಹಿಡಿದು ಹೇಳಿಕೊಡುತ್ತದೆ. ಇದು ಕೈ ಬಿಟ್ಟು ಓಡಿಹೋಗುತ್ತದೆ.

ಅಮೆರಿಕದ ಆವೃತ್ತಿ ಚಿತ್ರೀಕರಣವಾದದ್ದು ಶಿಕಾಗೋದಲ್ಲಿ. ಕಾಮಿಕ್ಸ್ ಅಂಗಡಿಯ ಬದಲು ಕಾಮಿಕ್ಸ್ ಸಮ್ಮೇಳನದಿಂದ ಕಥೆ ಶುರು. ಹಳದಿ ಹೋಯಿತು, ನಿಂತು ನೋಡುವ ಕ್ಯಾಮೆರಾ ಹೋಯಿತು, ಆ ಸಂಗೀತವೂ ಹೋಯಿತು. ಸಂಗೀತ ಕೊಟ್ಟ ಜೆಫ್ ರುಸ್ಸೋ ಕೆಲಸ ಬಲ್ಲವರೇ, ಕೆಟ್ಟದಾಗೇನೂ ಮಾಡಿಲ್ಲ. ಆದರೆ ಕಣ್ಣುಮುಚ್ಚಿ ಕೇಳಿದರೆ ಇದು ಯಾವ ಸರಣಿ ಅಂತ ಹೇಳಲು ಆಗುವುದಿಲ್ಲ. ನೋಡಲು ಕೂಡ ಒಟಿಟಿಯಲ್ಲಿ ಸಾಲಾಗಿ ಸಿಗುವ ಇನ್ಯಾವುದೋ ಥ್ರಿಲ್ಲರ್ ಹಾಗೇ ಇದೆ.

ರಿಮೇಕ್ ಹಕ್ಕು ಕೊಂಡರೆ ಸಿಗುವುದೇನು?

ಕನ್ನಡದ ಟಿವಿ ನೋಡುವವರಿಗೆ ರಿಮೇಕ್ ಹೊಸ ವಿಷಯವಲ್ಲ. ಡಬ್ಬಿಂಗ್‌ಗೆ ತಡೆಯಿದ್ದ ದಶಕಗಳಲ್ಲಿ ಬೇರೆ ಭಾಷೆಯ ಕಥೆ ನಮಗೆ ಬರುತ್ತಿದ್ದದ್ದೇ ರಿಮೇಕ್ ಆಗಿ. ಹಕ್ಕು ಕೊಳ್ಳುವುದೆಂದರೆ ಕಾನೂನಿನ ಪ್ರಕಾರ ಕೈಗೆ ಬರುವುದು ಕಥೆ, ಪಾತ್ರ, ಚಿತ್ರಕಥೆ, ಹೆಸರು. ಇವೆಲ್ಲ ಕಾಗದದ ಮೇಲೆ ಬರೆಯಬಹುದಾದ ಸಂಗತಿಗಳು. ಹಾಡಿನ ಸಾಹಿತ್ಯ ಬರೆದುಕೊಟ್ಟ ಮಾತ್ರಕ್ಕೆ ಹಾಡಿಕೆ ಬಂದುಬಿಡುವುದಿಲ್ಲವಲ್ಲ, ಇದೂ ಹಾಗೆಯೇ. ಕ್ಯಾಮೆರಾ ಎಷ್ಟು ದೂರ ನಿಲ್ಲಬೇಕು, ಒಬ್ಬ ನಟ ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದು ಒಪ್ಪಂದದಲ್ಲಿ ಬರುವುದಿಲ್ಲ.

ಕೆಲವು ಸರಣಿಗಳಿಗೆ ಇದರಿಂದ ತೊಂದರೆ ಆಗುವುದಿಲ್ಲ. ಅತ್ತೆ ಸೊಸೆ ಕಥೆಯಲ್ಲಿ ಗಟ್ಟಿಯಿರುವುದು ಸಂಬಂಧ, ಜಗಳ, ತಿರುವು. ಅದು ಯಾವ ಊರಿಗೆ ಹೋದರೂ ನಡೆಯುತ್ತದೆ. ‘ಯುಟೋಪಿಯಾ’ ತದ್ವಿರುದ್ಧ. ಅದರ ಕಥೆಯನ್ನು ಮಾತಲ್ಲಿ ಹೇಳಿದರೆ ‘ಓ, ಇನ್ನೊಂದು ಲಸಿಕೆ ಪಿತೂರಿ’ ಅನ್ನಿಸುತ್ತದೆ. ಮೇಲೆ ನಾನು ಹೇಳಿದಾಗ ನಿಮಗೂ ಹಾಗೇ ಅನ್ನಿಸಿರಬಹುದು. ಅದರ ಬೆಲೆ ಇದ್ದದ್ದೆಲ್ಲ ಹೇಳುವ ರೀತಿಯಲ್ಲಿ. ಅಮೆಜಾನ್ ದುಡ್ಡು ಕೊಟ್ಟು ಕೊಂಡದ್ದು ಆ ಸರಣಿಯ ಅತ್ಯಂತ ಸಾಮಾನ್ಯವಾದ ಭಾಗವನ್ನು.

ಒಂದೇ ದೃಶ್ಯವನ್ನು ಎರಡರಲ್ಲೂ ನೋಡಿದರೆ ಇದು ಗೊತ್ತಾಗುತ್ತದೆ. ವಿಲ್ಸನ್ ವಿಲ್ಸನ್‌ನನ್ನು ಹಿಡಿದು ಜೆಸಿಕಾ ಬಗ್ಗೆ ಬಾಯಿ ಬಿಡಿಸುವ ದೃಶ್ಯ. ಬ್ರಿಟನ್ನಿನದರಲ್ಲಿ ಮೇಜಿನ ಮೇಲೆ ಮೆಣಸಿನಕಾಯಿ, ಮರಳು, ಬ್ಲೀಚ್, ಒಂದು ಚಮಚ. ಎಲ್ಲ ಮನೆಯಲ್ಲೇ ಸಿಗುವಂಥವು. ಹಿಂಸೆ ಕೊಡುವವರು ಮರ್ಯಾದೆಯಿಂದಲೇ ಮಾತಾಡುತ್ತಾರೆ. ಸಾಮಾನು ಕಣ್ಣಿಗೆ ಬಿದ್ದು, ಅದರ ಉಪಯೋಗ ನಮಗೆ ಹೊಳೆಯುವ ತನಕ ಸಮಯ ಕೊಡುತ್ತಾರೆ. ಹೆದರಿಕೆ ಇರುವುದು ಆ ಸಮಯದಲ್ಲಿ. ಅಮೆರಿಕದ ಆವೃತ್ತಿಯಲ್ಲೂ ವಿಲ್ಸನ್ ಕಣ್ಣು ಕಳೆದುಕೊಳ್ಳುತ್ತಾನೆ. ಅದನ್ನು ನೋಡುವಾಗ ಮುಖ ಕಿವುಚುತ್ತೇವೆ, ಮುಂದಿನ ದೃಶ್ಯಕ್ಕೆ ಹೋಗುತ್ತೇವೆ. ಮೊದಲನೆಯದು ರಾತ್ರಿ ಮಲಗಿದ ಮೇಲೂ ಬಿಡುವುದಿಲ್ಲ.

ಹೊಸದಾಗಿ ಸೇರಿಸಿದ್ದೂ ಇದೆ. ಅಮೆರಿಕದ ಗುಂಪಿನಲ್ಲಿ ಸಮಂತಾ ಎಂಬ ಹುಡುಗಿ ಇದ್ದಾಳೆ. ಚುರುಕು, ಆದರ್ಶವಾದಿ, ಇವಳೇ ನಾಯಕಿ ಅಂತ ನಾವು ಅಂದುಕೊಳ್ಳುತ್ತೇವೆ. ಎರಡನೇ ಕಂತಿನ ಕೊನೆಗೆ ಜೆಸಿಕಾ ಹೈಡ್ ಬಂದವಳೇ ಅವಳನ್ನು ಗುಂಡಿಟ್ಟು ಕೊಲ್ಲುತ್ತಾಳೆ. ಒಂದು ಗುಂಪಿಗೆ ಇಬ್ಬರು ನಾಯಕರು ಇರಬಾರದಂತೆ! ಬೆಚ್ಚಿಬೀಳುತ್ತೇವೆ, ಸರಿ. ಆಮೇಲೇನು? ಗೆಳತಿಯನ್ನು ಕೊಂದವಳ ಜೊತೆಯೇ ಉಳಿದವರು ಓಡಾಡುತ್ತಾರೆ, ಅವಳ ಮಾತು ಕೇಳುತ್ತಾರೆ. ಒಂದು ಆಘಾತಕ್ಕಾಗಿ ಎಲ್ಲ ಪಾತ್ರಗಳ ಮೇಲಿನ ನಂಬಿಕೆಯನ್ನೂ ಒತ್ತೆ ಇಟ್ಟ ಹಾಗಾಯಿತು. ಮೂಲದಲ್ಲಿ ಫಿಯೋನಾ ಓಶಾನೆಸ್ಸಿ ಮಾಡಿದ ಜೆಸಿಕಾ ಕೂಡ ಕೊಲ್ಲುತ್ತಾಳೆ. ಆದರೆ ಅವಳ ನಿಧಾನ ಮಾತು, ರೆಪ್ಪೆ ಬಡಿಯದ ನೋಟ ನೋಡಿದರೆ ಮನುಷ್ಯರ ನಡುವೆ ಬೆಳೆಯದವಳು ಇವಳು ಅಂತ ತಿಳಿಯುತ್ತದೆ. ಹೆದರಿಕೆಯ ಜೊತೆಗೆ ಅಯ್ಯೋ ಪಾಪ ಅಂತಲೂ ಅನ್ನಿಸುತ್ತದೆ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಖಳನದು. ಬ್ರಿಟನ್ನಿನ ನೆಟ್‌ವರ್ಕ್‌ನವರು ವಾದ ಮಾಡುತ್ತಾರೆ, ಮತ್ತು ಆ ವಾದ ಗಟ್ಟಿಯಾಗಿದೆ. ಕೇಳುತ್ತಾ ಕೇಳುತ್ತಾ ‘ಇವರು ಹೇಳುವುದರಲ್ಲೂ ಏನೋ ಇದೆ’ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ನಮಗೇ ನಾಚಿಕೆಯಾಗುತ್ತದೆ. ಕಣ್ಣು ಕಳೆದುಕೊಂಡ ಅದೇ ವಿಲ್ಸನ್ ಕೊನೆಗೆ ನೆಟ್‌ವರ್ಕ್ ಕಡೆಗೇ ವಾಲುತ್ತಾನೆ. ದುಡ್ಡಿನ ಆಸೆಗಲ್ಲ, ಹೆದರಿ ಅಲ್ಲ, ಅವರ ವಾದ ಸರಿ ಅಂತ ಮನವರಿಕೆಯಾಗಿ. ನೋಡುವವನೂ ಅವನ ಹಿಂದೆ ಅರ್ಧ ದಾರಿ ನಡೆದಿರುತ್ತಾನೆ. ಅಮೆರಿಕದ ಆವೃತ್ತಿಯಲ್ಲಿ ಆ ಜಾಗದಲ್ಲಿ ಜಾನ್ ಕ್ಯೂಸಾಕ್ ಮಾಡಿದ ಡಾ. ಕೆವಿನ್ ಕ್ರಿಸ್ಟಿ ಇದ್ದಾನೆ. ಕೃತಕ ಮಾಂಸ ತಯಾರಿಸುವ ಕಂಪನಿಯ ಒಡೆಯ, ಸುತ್ತ ಭಕ್ತರಂಥ ಪರಿವಾರ. ಅವನ ಲೆಕ್ಕವೂ ಜನಸಂಖ್ಯೆಯದೇ. ಆದರೆ ಅವನನ್ನು ನೋಡಿದ ಕೂಡಲೇ ಇವನು ಕೆಟ್ಟವನು ಅಂತ ಗೊತ್ತಾಗಿಬಿಡುತ್ತದೆ. ನಾವು ಯಾವ ಕಡೆ ನಿಲ್ಲಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಬಂದ ಕಾಲವೂ ಕೈಕೊಟ್ಟಿತು. ಚಿತ್ರೀಕರಣ ನಡೆದದ್ದು 2019ರಲ್ಲಿ. ತೆರೆಗೆ ಬರುವ ಹೊತ್ತಿಗೆ ಲೋಕವೆಲ್ಲ ಕೋವಿಡ್‌ಗೆ ಬಾಗಿಲು ಹಾಕಿಕೊಂಡು, ಲಸಿಕೆಗೆ ಕಾಯುತ್ತಾ ಕೂತಿತ್ತು. ಆ ಹೊತ್ತಿನಲ್ಲಿ ‘ಸುಳ್ಳು ಜ್ವರ, ಮೋಸದ ಲಸಿಕೆ’ ಎಂಬ ಕಥೆ! ಇದು ಕಾಲ್ಪನಿಕ ಅಂತ ಎಚ್ಚರಿಕೆಯ ಸಾಲು ಹಾಕಬೇಕಾಯಿತು. ಇದು ತಯಾರಕರ ತಪ್ಪಲ್ಲ, ದುರಾದೃಷ್ಟ.

ಮುಂದುವರಿಸಬಹುದಿತ್ತಲ್ವಾ?

ಅಭಿಮಾನಿಗಳು ಮೊದಲು ಕೇಳುವ ಪ್ರಶ್ನೆ ಇದು. ರಿಮೇಕ್‌ಗೆ ಹಾಕುವ ದುಡ್ಡನ್ನು ಮೂರನೇ ಸೀಸನ್‌ಗೆ ಹಾಕಿದ್ದರೆ ಕಥೆ ಮುಗಿಯುತ್ತಿತ್ತಲ್ಲ? ನ್ಯಾಯವಾದ ಮಾತು. ಆದರೆ ಕಂಪನಿಯ ಲೆಕ್ಕ ಬೇರೆ.

ಸರಣಿ ರದ್ದಾದ ದಿನವೇ ಎಲ್ಲ ಚದುರಿಹೋಗುತ್ತದೆ. ನಟರ ಒಪ್ಪಂದ ಮುಗಿಯುತ್ತದೆ, ಅವರು ಬೇರೆ ಕೆಲಸ ಹಿಡಿಯುತ್ತಾರೆ. ಗ್ರಾಂಟ್ ಪಾತ್ರದ ಹುಡುಗ ಬೆಳೆದುಬಿಡುತ್ತಾನೆ. ಜೊತೆಗೆ, ಮೂರನೇ ಸೀಸನ್ ನೋಡಬೇಕೆಂದರೆ ಮೊದಲ 12 ಕಂತು ನೋಡಿರಬೇಕು, ಆ 12 ಕಂತು ಇನ್ನೊಬ್ಬರ ಆಸ್ತಿ. ಅಮೆರಿಕದ ಹೊಸ ಚಂದಾದಾರರಿಗೆ ಅದು ಗೊತ್ತೂ ಇಲ್ಲ. ರಿಮೇಕ್ ಮಾಡಿದರೆ ಮೊದಲ ಕಂತಿನಿಂದ ಎಲ್ಲ ತಮ್ಮದೇ. ‘ಮೊದಲೇ ಒಂದು ಕಡೆ ಗೆದ್ದ ಕಥೆ’ ಅಂತ ಮೇಲಿನವರನ್ನು ಒಪ್ಪಿಸುವುದೂ ಸುಲಭ.

ಈ ರಿಮೇಕ್‌ನ ಯೋಚನೆ ಶುರುವಾದದ್ದು ಮೂಲ ಸರಣಿ ಬದುಕಿದ್ದಾಗಲೇ. 2014ರ ಆರಂಭದಲ್ಲಿ ಅಮೆರಿಕದ ಎಚ್‌ಬಿಒ ವಾಹಿನಿ ಇದನ್ನು ಕೈಗೆತ್ತಿಕೊಂಡಿತ್ತು. ನಿರ್ದೇಶನ ಡೇವಿಡ್ ಫಿಂಚರ್, ಬರವಣಿಗೆ ಫ್ಲಿನ್. ಜೆಸಿಕಾ ಪಾತ್ರಕ್ಕೆ ರೂನಿ ಮಾರಾ ಹೆಸರು ಕೇಳಿಬಂದಿತ್ತು. 2015ರಲ್ಲಿ ಬಜೆಟ್ ಜಗಳದಿಂದ ಅದು ಮುರಿದುಬಿತ್ತು. ಫಿಂಚರ್ ಹೋದರು, ಫ್ಲಿನ್ ಉಳಿದರು. 2018ರಲ್ಲಿ ಅಮೆಜಾನ್ ಒಪ್ಪಿಕೊಂಡಿತು. ಅಂದರೆ ಇಡೀ ಯೋಜನೆಯಲ್ಲಿ ಚಿತ್ರಕ್ಕೆ ತನ್ನದೇ ಒಂದು ನೋಟ ಕೊಡಬಲ್ಲವರು ಯಾರೋ, ಅವರೇ ಮೊದಲು ಹೊರಗೆ ಹೋದದ್ದು. ಫಿಂಚರ್ ಮಾಡಿದ್ದರೆ ಅದು ಮುಂಡನ್ ಮಾಡಿದ ಹಾಗೆ ಖಂಡಿತ ಇರುತ್ತಿರಲಿಲ್ಲ. ಆದರೆ ಇನ್ಯಾರದ್ದೋ ಹಾಗೂ ಇರುತ್ತಿರಲಿಲ್ಲ.

ಇಲ್ಲಿ ಇನ್ನೊಂದು ಗಮನಿಸಬೇಕು. ಮುಗಿದ ಸರಣಿಯ ರಿಮೇಕ್ ಕೆಟ್ಟದಾದರೆ ಮೂಲಕ್ಕೆ ಏನೂ ಆಗುವುದಿಲ್ಲ. ಅರ್ಧಕ್ಕೆ ನಿಂತದ್ದರ ವಿಷಯ ಹಾಗಲ್ಲ. ನೋಡಿದವರಿಗೆ ಬೇಕಿದ್ದದ್ದು 13ನೇ ಕಂತು. ಅವರಿಗೆ ಸಿಕ್ಕಿದ್ದು ಮತ್ತೆ 1ನೇ ಕಂತು. ಗೊತ್ತಿರುವ ಗುಟ್ಟುಗಳು ಒಂದೊಂದಾಗಿ ಮತ್ತೆ ಬಯಲಾಗುವುದನ್ನು ತಾಳ್ಮೆಯಿಂದ ನೋಡಬೇಕು, ಮೂಲ ಎಲ್ಲಿ ನಿಂತಿತ್ತೋ ಅಲ್ಲಿಗೆ ಇದು ಯಾವಾಗ ತಲುಪುತ್ತದೆ ಅಂತ ಕಾಯಬೇಕು. ತಲುಪಲೇ ಇಲ್ಲ. ಮೇಲಾಗಿ ಇದು ಸೋತ ಮೇಲೆ ಆ ಹೆಸರಿಗೆ ಇನ್ಯಾರು ದುಡ್ಡು ಹಾಕುತ್ತಾರೆ? ಇದ್ದ ಚೂರು ಆಸೆಗೂ ಕಲ್ಲು ಬಿತ್ತು. ಅಭಿಮಾನಿಗಳ ಸಿಟ್ಟಿನಲ್ಲಿ ಅರ್ಧ ಪಾಲು ಇದಕ್ಕೇ ಇತ್ತು ಅನ್ನಿಸುತ್ತದೆ.

ಗೆದ್ದದ್ದೂ ಇದೆ

ಹಾಗಂತ ರದ್ದಾದ ಸರಣಿಗಳ ರಿಮೇಕ್ ಎಲ್ಲ ಸೋಲುತ್ತದೆ ಎಂದೇನಿಲ್ಲ. ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ನೋಡಿ. ಅಮೆರಿಕದ ಎಬಿಸಿಯಲ್ಲಿ 1978ರಲ್ಲಿ ಶುರುವಾಗಿ ಒಂದೇ ಸೀಸನ್ನಿಗೆ, 1979ರಲ್ಲಿ, ನಿಂತುಹೋದ ಬಾಹ್ಯಾಕಾಶ ಕಥೆಯ ಸರಣಿ. ಖರ್ಚು ವಿಪರೀತ. 1980ರಲ್ಲಿ ಕಥೆಯನ್ನು ಮುಂದುವರಿಸಿ ಇನ್ನೊಂದು ಸರಣಿ ತೆಗೆದರು. ಹತ್ತು ಕಂತಿಗೆ ಅದೂ ನಿಂತಿತು. ಮುಂದುವರಿಸಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಅನ್ನುವುದಕ್ಕೂ ಇದೇ ಸಾಕ್ಷಿ.

2003ರಲ್ಲಿ ರೊನಾಲ್ಡ್ ಡಿ. ಮೂರ್ ಅದನ್ನು ಹೊಸದಾಗಿ ಬರೆದಾಗ ಹಳೆಯ ಅಭಿಮಾನಿಗಳು ಕೆಂಡವಾದರು. ಸ್ಟಾರ್‌ಬಕ್ ಎಂಬ ಗಂಡು ಪೈಲಟ್ ಪಾತ್ರವನ್ನು ಹೆಣ್ಣು ಮಾಡಿದ್ದರು. ಮೂಲದ ನಾಯಕ ರಿಚರ್ಡ್ ಹ್ಯಾಚ್ ಕಥೆ ಮುಂದುವರಿಯಲಿ ಅಂತ ಸ್ವಂತ ದುಡ್ಡು ಹಾಕಿ ಟ್ರೇಲರ್ ತೆಗೆದಿದ್ದವರು. ಅವರೂ ಮೊದಲು ವಿರೋಧಿಸಿದರು. ಆಮೇಲೆ ಅದೇ ಹೊಸ ಸರಣಿಯಲ್ಲಿ ಟಾಮ್ ಜ಼ಾರೆಕ್ ಪಾತ್ರ ಮಾಡಿದರು! ಮೂರ್ ಉಳಿಸಿಕೊಂಡದ್ದು ಎಳೆಯೊಂದನ್ನು ಮಾತ್ರ: ಊರು ಸುಟ್ಟುಹೋಗಿ, ಅಳಿದುಳಿದವರು ಹಡಗುಗಳಲ್ಲಿ ಓಡುತ್ತಿದ್ದಾರೆ. ಉಳಿದದ್ದೆಲ್ಲ 2001ರ ಸೆಪ್ಟೆಂಬರ್ 11ರ ನಂತರದ ಅಮೆರಿಕದಿಂದ ಬಂತು. ಶತ್ರು ನಮ್ಮ ಹಾಗೇ ಕಾಣುತ್ತಾನೆ, ಹಾಗಾದರೆ ಯಾರನ್ನು ನಂಬುವುದು? ಸಿಕ್ಕವನಿಗೆ ಚಿತ್ರಹಿಂಸೆ ಕೊಡುವುದು ಸರಿಯೇ? ಕೈಯಲ್ಲಿಟ್ಟುಕೊಂಡು ನಡುಗಿಸಿದಂಥ ಕ್ಯಾಮೆರಾ ಕೂಡ ಆ ಕಾಲದ ಯುದ್ಧದ ಸುದ್ದಿಚಿತ್ರಗಳದೇ. ಮೂಲವನ್ನು ಹೀಗೆ ಧೈರ್ಯವಾಗಿ ಒಡೆದದ್ದಕ್ಕೇ ಅದು 2009ರವರೆಗೆ ನಡೆದು, ತನ್ನ ಕಥೆಯನ್ನು ಮುಗಿಸಿತು.

ಅಮೆರಿಕದ ‘ಯುಟೋಪಿಯಾ’ದಲ್ಲೂ ಇಂಥ ಒಂದು ಚೂರು ಇದೆ. ಮೂಲದಲ್ಲಿ ಡಗ್ಡೇಲ್ ಎಂಬ ಆರೋಗ್ಯ ಇಲಾಖೆಯ ಅಧಿಕಾರಿ ಇದ್ದಾನೆ. ಸಂಬಂಧವೊಂದರ ಗುಟ್ಟಿಟ್ಟುಕೊಂಡು ಅವನನ್ನು ಬೆದರಿಸಿ ಲಸಿಕೆ ತರಿಸುತ್ತಾರೆ. ಫ್ಲಿನ್ ಅವನ ಜಾಗದಲ್ಲಿ ಮೈಕಲ್ ಸ್ಟರ್ನ್ಸ್ ಎಂಬ ವಿಜ್ಞಾನಿಯನ್ನು ತಂದರು. ಕಾಲೇಜಿನ ಮೂಲೆಯಲ್ಲಿ ಕೂತು ಯಾರಿಗೂ ಬೇಡವಾದ ವೈರಸ್ ಬಗ್ಗೆ ಕೆಲಸ ಮಾಡಿದವನು. ರೈನ್ ವಿಲ್ಸನ್ ಆ ಪಾತ್ರ ಮಾಡಿದ್ದಾರೆ. ಜನ ಸಾಯುತ್ತಿದ್ದಾರೆ ಅಂತ ಸಂಕಟ ಒಂದು ಕಡೆ, ಕೊನೆಗೂ ನನ್ನ ಕೆಲಸ ಲೋಕಕ್ಕೆ ಬೇಕಾಯಿತಲ್ಲ ಎಂಬ ಗುಟ್ಟಿನ ಹಿಗ್ಗು ಇನ್ನೊಂದು ಕಡೆ. ಎರಡೂ ಒಂದೇ ಮುಖದಲ್ಲಿ ಕಾಣುತ್ತವೆ. ಮೂಲದಿಂದ ಇಷ್ಟು ದೂರ ಸರಿದ ಪಾತ್ರ ಅಲ್ಲಿ ಇನ್ನೊಂದಿಲ್ಲ, ಇಷ್ಟು ಜೀವ ಇರುವ ಪಾತ್ರವೂ ಇನ್ನೊಂದಿಲ್ಲ.

ಎರಡನ್ನೂ ನೋಡದವರು ಯಾವುದರಿಂದ ಶುರು ಮಾಡಬೇಕು? ಬ್ರಿಟನ್ನಿನದರಿಂದಲೇ, ಹೆಡ್‌ಫೋನ್ ಹಾಕಿಕೊಂಡು, ಮೊಬೈಲಿನಲ್ಲಲ್ಲ, ಸ್ವಲ್ಪ ದೊಡ್ಡ ಪರದೆಯಲ್ಲಿ. ರಕ್ತ ನೋಡಿದರೆ ಆಗದವರು ಎರಡೂ ಬಿಡುವುದು ಒಳ್ಳೆಯದು. ಈಗಾಗಲೇ ಅಮೆರಿಕದ್ದು ನೋಡಿ ಗುಟ್ಟೆಲ್ಲ ತಿಳಿದುಬಿಟ್ಟಿದ್ದರೂ ಚಿಂತೆಯಿಲ್ಲ. ಲಸಿಕೆಯಲ್ಲಿ ಏನಿದೆ ಅಂತ ಗೊತ್ತಿದ್ದುಕೊಂಡೇ ನೋಡಿದರೂ ಆ ಕಾಮಿಕ್ಸ್ ಅಂಗಡಿಯಲ್ಲಿ ಕೂತ ಜಾಗದಿಂದ ಅಲ್ಲಾಡಲು ಆಗುವುದಿಲ್ಲ.